ಕಾಡಿಗೆ ಬಿದ್ದ ಪೆಟ್ಟನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ಹೇಗೆ? ಕೊಡಗಿನ ಒಂದು ಹೆಕ್ಟೇರಿನಿಂದ ಶುರು

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜಾರಿದವು. ಆಮೇಲೆ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಈ ಗುಡ್ಡ ಮತ್ತೆ ಕಾಡಾಗುವುದು ಯಾವಾಗ? ನಾನೂ ಕಂಪ್ಯೂಟರ್ ಮುಂದೆ ಕೂತೆ. ಕಾಡಿನ ಬೆಳವಣಿಗೆಯನ್ನು ವರ್ಷ ವರ್ಷ ಲೆಕ್ಕ ಹಾಕುವ ಮಾಡೆಲ್ ಒಂದರಲ್ಲಿ ಜಾರಿದ ಜಾಗದ ಮರಗಳನ್ನೆಲ್ಲ ಅಳಿಸಿ ಓಡಿಸಿದೆ. ಕೆಲವೇ ವರ್ಷಗಳಲ್ಲಿ ಹಸಿರೋ ಹಸಿರು. ಖುಷಿಯಿಂದ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಅರ್ಧ ನಿಮಿಷ ನೋಡಿ, "ಮರ ಹೋಯ್ತು ಸರಿ, ಮಣ್ಣು ಎಲ್ಲಿಗೆ ಹೋಯ್ತು ಮಗ?" ಅಂದರು.

ನಾನು ಭೂಕುಸಿತವನ್ನು ಮರ ಕಡಿದ ಹಾಗೆ ಬರೆದಿದ್ದೆ. ಮಾಡೆಲ್ ಪಾಲಿಗೆ ಮಣ್ಣು ಇದ್ದಲ್ಲೇ ಇತ್ತು. ಈ ಬರಹ ಹುಟ್ಟಿದ್ದು ಆ ತಪ್ಪಿನಿಂದ. ಕಡಿತ, ಬೆಂಕಿ, ಗಾಳಿ, ಭೂಕುಸಿತ, ಹೀಗೆ ಕಾಡಿಗೆ ಪೆಟ್ಟು ಬಿದ್ದಾಗ ಎಷ್ಟು ಹೋಯಿತು ಎನ್ನುವುದರ ಜೊತೆಗೆ ಹೋದದ್ದು ಎಲ್ಲಿಗೆ ಹೋಯಿತು ಅಂತಲೂ ಬರೆಯಬೇಕು. ತೋಟದ ಲೆಕ್ಕದ ಪುಸ್ತಕ ಬರೆದು ಗೊತ್ತಿದ್ದವರಿಗೆ ಇದು ಕಷ್ಟವಲ್ಲ.

ಮೊದಲು ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಹೆಕ್ಟೇರ್ ಕಾಡು ಕಟ್ಟೋಣ. ಅದು ಕೈಗೆ ಹತ್ತಿದ ಮೇಲೆ ಇಡೀ ಜಿಲ್ಲೆಗೆ ಹೋಗುವ ದೊಡ್ಡ ಮಾಡೆಲ್ ನೋಡೋಣ. ನೇರವಾಗಿ ದೊಡ್ಡದಕ್ಕೆ ಹಾರಬೇಡಿ. ಅಲ್ಲಿ ತಪ್ಪು ಮಾಡಿದರೂ ಬಣ್ಣದ ನಕ್ಷೆ ಚೆನ್ನಾಗಿಯೇ ಬರುತ್ತದೆ, ಅದೇ ತೊಂದರೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಕೊಡಗಿನ ಕಾಡಿನ ಮೇಲೆ ಪರಿಣಾಮ" ಅಂತ ಬರೆದರೆ ಆಗುವುದಿಲ್ಲ. "ನೂರರಲ್ಲಿ ಮೂವತ್ತು ಪಾಲು ಮರ ತೆಗೆದರೆ ಕಾಡು ಎಷ್ಟು ವರ್ಷ ಇಂಗಾಲ ಕಳೆದುಕೊಳ್ಳುತ್ತಲೇ ಇರುತ್ತದೆ?" ಇದು ಪ್ರಶ್ನೆ. ಮರ, ತರಗು, ಮಣ್ಣು ಎಲ್ಲದರಲ್ಲೂ ಇಂಗಾಲ ಇರುವುದರಿಂದ ನಮ್ಮ ಲೆಕ್ಕವೆಲ್ಲ ಅದರಲ್ಲೇ. ಪ್ರಶ್ನೆ ಇಷ್ಟು ಬಿಗಿಯಾದರೆ ಯಾವ ಮಾಡೆಲ್, ಎಷ್ಟು ವರ್ಷ, ಯಾವ ಅಂಕಿ ಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 2: ನಾಲ್ಕು ಖಾತೆ ತೆರೆಯಿರಿ

ಎಕ್ಸೆಲ್ ಆಗಲಿ, ಲಿಬ್ರೆ ಆಫೀಸ್ ಆಗಲಿ, ಯಾವುದಾದರೂ ಸಾಕು. ಒಂದು ಸಾಲು ಅಂದರೆ ಒಂದು ವರ್ಷ. ಎಲ್ಲ ಅಂಕಿಯೂ ಹೆಕ್ಟೇರಿಗೆ ಇಷ್ಟು ಟನ್ ಇಂಗಾಲ ಅಂತ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ.

ನಾಲ್ಕು ಕಾಲಂಗೆ ಹೆಸರು ಕೊಡಿ: ಮರ, ಸತ್ತ ಮರ, ತರಗು, ಮಣ್ಣು. ಶುರುವಿನ ಅಂಕಿ ಕ್ರಮವಾಗಿ 160, 20, 5, 86. ಒಟ್ಟು 271. ಇವು ಅಭ್ಯಾಸಕ್ಕೆ ನಾನು ಆರಿಸಿಕೊಂಡ ಅಂಕಿಗಳು, ಯಾವ ಕಾಡಿನಲ್ಲೂ ಅಳೆದದ್ದಲ್ಲ. ಕೊಡಗಿನ ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿಗೆ ತೀರಾ ಅಸಂಬದ್ಧ ಆಗದಂತೆ ಇಟ್ಟಿದ್ದೇನೆ, ಅಷ್ಟೇ. ಪೂರ್ವದ ಎಲೆ ಉದುರುವ ಕಾಡಿಗೆ ಬೇರೆ ಹಾಳೆ, ಬೇರೆ ಅಂಕಿ.

ಐದನೇ ಕಾಲಂ "ಎಲೆಯ ಪಾಲು". ತುಂಬು ಕಾಡಿಗೆ 1. ಕಾಡಿನ ನೆತ್ತಿ, ಅಂದರೆ ಮೇಲಿನ ಎಲೆಯ ಚಪ್ಪರ, ಅರ್ಧ ಬೋಳಾದರೆ 0.5. ಎಲೆ ಕಮ್ಮಿ ಆದರೆ ಬೆಳವಣಿಗೆಯೂ ಕಮ್ಮಿ, ಬೀಳುವ ತರಗೂ ಕಮ್ಮಿ.

ಈಗ ಪ್ರತಿ ವರ್ಷದ ಲೆಕ್ಕ:

ಮರ = ಹಳೆಯದು + 2.4 × ಎಲೆಯ ಪಾಲು − ಹಳೆಯದರ 1.5 ಪರ್ಸೆಂಟ್
ಸತ್ತ ಮರ = ಹಳೆಯದು + ಮರದ ಖಾತೆಯಿಂದ ಬಂದ ಆ 1.5 ಪರ್ಸೆಂಟ್ − ಹಳೆಯದರ 12 ಪರ್ಸೆಂಟ್
ತರಗು = ಹಳೆಯದು + 4 × ಎಲೆಯ ಪಾಲು − ಹಳೆಯದರ 80 ಪರ್ಸೆಂಟ್
ಮಣ್ಣು = ಹಳೆಯದು + ಕೊಳೆತ ಸತ್ತ ಮರದ 30 ಪರ್ಸೆಂಟ್ + ಕೊಳೆತ ತರಗಿನ 25 ಪರ್ಸೆಂಟ್ − ಹಳೆಯದರ 2 ಪರ್ಸೆಂಟ್

ಕೊಳೆತದ್ದರಲ್ಲಿ ಮಣ್ಣಿಗೆ ಸೇರದೆ ಉಳಿದದ್ದು ಗಾಳಿಗೆ. ಅದಕ್ಕೂ ಒಂದು ಕಾಲಂ ಇಡಿ: ಸತ್ತ ಮರದಿಂದ 70 ಪರ್ಸೆಂಟ್, ತರಗಿನಿಂದ 75 ಪರ್ಸೆಂಟ್, ಮಣ್ಣಿನ ಆ 2 ಪರ್ಸೆಂಟ್ ಪೂರ್ತಿ. ಕಾಡು ವರ್ಷಕ್ಕೆ ಗಾಳಿಯಿಂದ ಹಿಡಿಯುವುದು 6.4 × ಎಲೆಯ ಪಾಲು. ಹಿಡಿದದ್ದರಲ್ಲಿ ಬಿಟ್ಟದ್ದನ್ನು ಕಳೆದರೆ ಆ ವರ್ಷದ ಉಳಿಕೆ.

ಎಲ್ಲ ಲೆಕ್ಕಕ್ಕೂ ಹಿಂದಿನ ವರ್ಷದ ಅಂಕಿಯನ್ನೇ ತೆಗೆದುಕೊಳ್ಳಿ. ಅರ್ಧ ಹೊಸದು, ಅರ್ಧ ಹಳೆಯದು ಬೆರೆಸಿದರೆ ಲೆಕ್ಕ ತಾಳೆ ಆಗುವುದಿಲ್ಲ.

ಹೆಜ್ಜೆ 3: ಪೆಟ್ಟು ಕೊಡುವ ಮೊದಲು ಸುಮ್ನೆ ಓಡಿಸಿ

ನೂರು ಸಾಲು ಕೆಳಗೆ ಎಳೆಯಿರಿ. 160, 20, 5, 86 ಹಾಗೆಯೇ ಇರಬೇಕು, ಉಳಿಕೆ ಸೊನ್ನೆ ಇರಬೇಕು. ಕದಲಿದರೆ ಸೂತ್ರದಲ್ಲಿ ತಪ್ಪಿದೆ.

ಆಮೇಲೆ ನಾಲ್ಕೂ ಖಾತೆಯನ್ನು ಸೊನ್ನೆ ಮಾಡಿ, ಎಲೆಯ ಪಾಲು 1 ಇಟ್ಟು, 400 ಸಾಲು ಎಳೆಯಿರಿ. ಎಲ್ಲವೂ ಮೆಲ್ಲಗೆ ಹತ್ತಿ ಅದೇ ಅಂಕಿಗಳ ಹತ್ತಿರ ಬಂದು ನಿಲ್ಲುತ್ತವೆ. ದೊಡ್ಡ ಮಾಡೆಲ್‌ಗಳಲ್ಲಿ ಇದಕ್ಕೆ ಸ್ಪಿನ್-ಅಪ್ ಅನ್ನುತ್ತಾರೆ. ಇದನ್ನು ಬಿಟ್ಟು ಓಡಿಸಿದರೆ ಕಾಡು ತಾನಾಗಿ ಬೆಳೆಯುತ್ತಿರುವುದು ಯಾವುದು, ಪೆಟ್ಟಿನಿಂದ ಚೇತರಿಸುತ್ತಿರುವುದು ಯಾವುದು ಅಂತ ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಪೆಟ್ಟಿಲ್ಲದ ಈ ಹಾಳೆಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ, ಮುಂದೆ ಎಲ್ಲ ಹೋಲಿಕೆಯೂ ಇದರ ಜೊತೆಗೇ.

ಹೆಜ್ಜೆ 4: ಪೆಟ್ಟಿನ ಪಟ್ಟಿ ಬರೆಯಿರಿ

ಇದೇ ಮುಖ್ಯ ಕೆಲಸ. ಪ್ರತಿ ಪೆಟ್ಟಿಗೂ ಒಂದು ಸಣ್ಣ ಪಟ್ಟಿ ಬೇಕು: ಯಾವ ಖಾತೆಯಿಂದ ಎಷ್ಟು ಪಾಲು, ಯಾವ ಖಾತೆಗೆ. ಕೆನಡಾದ ಅರಣ್ಯ ಸೇವೆಯ ಇಂಗಾಲದ ಮಾಡೆಲ್ ಕೂಡ ಪೆಟ್ಟುಗಳನ್ನು ಹೀಗೆಯೇ ಪಟ್ಟಿ ಮಾಡಿ ಇಡುತ್ತದೆ. ನಮ್ಮ ಹಾಳೆಗೆ ಇನ್ನೂ ಎರಡು ಖಾತೆ ಸೇರಿಸಿ: "ಹೊರಗೆ ಹೋದ ದಿಮ್ಮಿ" ಮತ್ತು "ಕೆಳಗೆ ಜಾರಿದ್ದು".

ಮೊದಲು ಆಯ್ದ ಮರ ಕಡಿಯುವುದು. ಮರದ 30 ಪರ್ಸೆಂಟ್ ಅಂದರೆ 48 ಟನ್ ತೆಗೆಯಿರಿ. ಅದರಲ್ಲಿ 60 ಪರ್ಸೆಂಟ್, 28.8 ಟನ್, ದಿಮ್ಮಿಯಾಗಿ ಲಾರಿ ಹತ್ತಿತು. ಮಿಕ್ಕ 19.2 ಟನ್ ಕೊಂಬೆ, ಬುಡ, ಬೇರು. ಅದು ಕಾಡಲ್ಲೇ ಉಳಿದು ಸತ್ತ ಮರದ ಖಾತೆಗೆ ಸೇರಿತು. ಅಲ್ಲಿಗೆ ಮರ 112, ಸತ್ತ ಮರ 39.2. ಎಲೆಯ ಪಾಲು 0.7 ಅಲ್ಲ, 0.5 ಇಡಿ. ದೊಡ್ಡ ಮರ ಬೀಳುವಾಗ ಪಕ್ಕದವನ್ನೂ ಮುರಿದುಕೊಂಡೇ ಬೀಳುತ್ತದೆ, ಲಾರಿ ದಾರಿಗೂ ಒಂದಷ್ಟು ಹೋಗುತ್ತದೆ. ಮುಂದಿನ ಪ್ರತಿ ವರ್ಷ ಎಲೆಯ ಕೊರತೆಯಲ್ಲಿ 30 ಪರ್ಸೆಂಟ್ ತುಂಬಲಿ: 0.5, 0.65, 0.755 ಹೀಗೆ.

ಸೂತ್ರ ಸರಿ ಇದ್ದರೆ ನಿಮಗೆ ಸಿಗಬೇಕಾದದ್ದು ಇದು. ಮೊದಲ ವರ್ಷದ ಉಳಿಕೆ ಮೈನಸ್ 4.8 ಟನ್. ಎರಡನೇ ವರ್ಷ ಮೈನಸ್ 2.4, ಐದನೇ ವರ್ಷ ಸುಮಾರು ಮೈನಸ್ 1. ಕಾಡು ಮತ್ತೆ ಪ್ಲಸ್‌ಗೆ ಬರುವುದು ಹದಿನಾಲ್ಕನೇ ವರ್ಷ. ಅಷ್ಟರಲ್ಲಿ ಲಾರಿಯಲ್ಲಿ ಹೋದ 28.8 ಟನ್ ಅಲ್ಲದೆ ಇನ್ನೂ ಸುಮಾರು 13.7 ಟನ್ ಗಾಳಿಗೆ ಹೋಗಿರುತ್ತದೆ. ಮರದ ಖಾತೆಯೂ ಮೊದಲ ಎರಡು ವರ್ಷ ಏರುವುದಿಲ್ಲ, 112ರಿಂದ 111.4ಕ್ಕೆ ಇಳಿದು ಆಮೇಲೆ ಏರುತ್ತದೆ. ಹೊರಗಿನಿಂದ ನೋಡಿದರೆ ನಾಲ್ಕೈದು ವರ್ಷಕ್ಕೆ ನೆತ್ತಿ ಮುಚ್ಚಿ ಹಸಿರಾಗಿ ಕಾಣುವ ಕಾಡು ಒಳಗೆ ಇನ್ನೂ ಸಾಲ ತೀರಿಸುತ್ತಿರುತ್ತದೆ.

ಇನ್ನು ಭೂಕುಸಿತ. ಮರದ 95 ಪರ್ಸೆಂಟ್, ಸತ್ತ ಮರದ 90, ತರಗು ಪೂರ್ತಿ, ಮಣ್ಣಿನ 70. ಎಲ್ಲವೂ "ಕೆಳಗೆ ಜಾರಿದ್ದು" ಖಾತೆಗೆ. 271 ಟನ್‌ನಲ್ಲಿ 235.2 ಟನ್ ಕೆಳಗೆ ಹೋಯಿತು, 35.8 ಉಳಿಯಿತು. ಎಲೆಯ ಪಾಲು 0.05. ಕೊರತೆ ತುಂಬುವ ವೇಗ 30 ಅಲ್ಲ, 5 ಪರ್ಸೆಂಟ್ ಇಡಿ. ಮೇಲ್ಮಣ್ಣೇ ಇಲ್ಲದ ಕಡೆ ಗಿಡ ಬೇರು ಬಿಡುವುದೇ ಕಷ್ಟ ಅಲ್ವಾ?

ಓಡಿಸಿ ನೋಡಿ. ಮೊದಲ ವರ್ಷದ ಉಳಿಕೆ ಬರೀ ಮೈನಸ್ 0.36! ಮರ ಕಡಿದದ್ದಕ್ಕಿಂತ ಗುಡ್ಡ ಜಾರಿದ್ದೇ ಮೇಲು ಅನ್ನುವಂತೆ ಕಾಣುತ್ತದೆ. ಕಾರಣ ಸರಳ. ಕೊಳೆಯಲಿಕ್ಕೆ ಅಲ್ಲಿ ಏನೂ ಉಳಿದಿಲ್ಲ. ಕೊಳೆಯುತ್ತಿರುವುದು ಕೆಳಗಿನ ಗದ್ದೆಯಲ್ಲಿ, ತೋಡಿನಲ್ಲಿ, ಹೊಳೆಯಲ್ಲಿ. ಗುಡ್ಡದ ಹೆಕ್ಟೇರ್ ಒಂದನ್ನೇ ನೋಡಿ ವರದಿ ಬರೆದರೆ ಅಂಕಿ ಸರಿ, ಕಥೆ ತಪ್ಪು. ಅದಕ್ಕೆ "ಕೆಳಗೆ ಜಾರಿದ್ದು" ಖಾತೆಗೂ ಒಂದು ಕೊಳೆಯುವ ದರ ಕೊಡಿ. ಹೂತ ಮರ ತಡವಾಗಿ ಕೊಳೆಯುತ್ತದೆ, ಮೇಲೆ ಬಿದ್ದದ್ದು ಬೇಗ. ಎರಡನ್ನೂ ಬೇರೆ ಬೇರೆ ಮಾಡಿದರೆ ಇನ್ನೂ ಒಳ್ಳೆಯದು.

ಗಾಳಿಗೆ ಬಿದ್ದ ಮರ ಸುಲಭ: 15 ಪರ್ಸೆಂಟ್ ಮರ ನೇರ ಸತ್ತ ಮರದ ಖಾತೆಗೆ. ನೆಲದ ಬೆಂಕಿಗೆ ತರಗಿನ 80 ಪರ್ಸೆಂಟ್ ಮತ್ತು ಸತ್ತ ಮರದ 20 ಪರ್ಸೆಂಟ್ ಗಾಳಿಗೆ, ಮರದ 5 ಪರ್ಸೆಂಟ್ ಸತ್ತ ಮರಕ್ಕೆ. ಕ್ರಮ ಮರೆಯಬೇಡಿ. ಮೊದಲು ಸುಡಲಿ, ಆಮೇಲೆ ಹೊಸದಾಗಿ ಸತ್ತದ್ದು ಸೇರಲಿ. ತಿರುಗಿಸಿದರೆ ಈಗ ತಾನೇ ಸತ್ತ ಹಸಿ ಮರವನ್ನೂ ಸುಟ್ಟ ಹಾಗಾಗುತ್ತದೆ.

ಪ್ರತಿ ಪೆಟ್ಟಿನ ನಂತರ ಒಮ್ಮೆ ಎಲ್ಲ ಖಾತೆ ಕೂಡಿಸಿ. ಗಾಳಿ, ದಿಮ್ಮಿ, ಜಾರಿದ್ದು ಎಲ್ಲ ಸೇರಿ 271 ಬರಲೇಬೇಕು. ಒಂದು ಕಿಲೋ ಕಾಣೆಯಾದರೂ ಮುಂದಕ್ಕೆ ಹೋಗಬೇಡಿ.

ಈ ಹಾಳೆಗೆ ಒಂದು ದೊಡ್ಡ ಮಿತಿ ಇದೆ. ಇಲ್ಲಿ ಮರ ಅಂದರೆ ಬರೀ ತೂಕ. ನಿಧಾನ ಬೆಳೆಯುವ ಸಾಲುಧೂಪ ಹೋಗಿ ಬರಿದಾದ ಜಾಗಕ್ಕೆ ಓಡಿಬರುವ ಉಪ್ಪಳಿಗೆ ಬಂದರೂ ಹಾಳೆಗೆ ಗೊತ್ತಾಗುವುದಿಲ್ಲ. ಪ್ರತಿ ಬೇಸಿಗೆ ಬೆಂಕಿ ಬಿದ್ದು ಸಸಿಯೆಲ್ಲ ಸತ್ತು, ಮೇಲೆ ಹಳೇ ಮರ, ಕೆಳಗೆ ಲಂಟಾನ ಮಾತ್ರ ಉಳಿದರೂ ಗೊತ್ತಾಗುವುದಿಲ್ಲ. ಅಂಥ ಪ್ರಶ್ನೆಗೆ ಜಾತಿ, ವಯಸ್ಸು, ಬೀಜ ಎಲ್ಲ ಲೆಕ್ಕಕ್ಕೆ ಹಿಡಿಯುವ ಮಾಡೆಲ್ ಬೇಕು.

ಹೆಜ್ಜೆ 5: ಜಿಲ್ಲೆಗೆ ಹೋಗುವಾಗ ಮಾಡೆಲ್ ಆರಿಸುವುದು

ಒಂದೊಂದು ಮರದ ಬೆಳಕಿನ ಪೈಪೋಟಿ ನೋಡಬೇಕಾದರೆ ಜರ್ಮನಿಯಲ್ಲಿ ಬೆಳೆದ ಫಾರ್ಮೈಂಡ್ ಇದೆ, ಉಷ್ಣವಲಯದ ಕಾಡಿಗೆ ಒಗ್ಗುತ್ತದೆ. ಮಣ್ಣಿನ ಇಂಗಾಲ ಮತ್ತು ಸಾರಜನಕವೇ ಮುಖ್ಯ ಅಂದರೆ ಸೆಂಚುರಿ. ಬೆಂಕಿ, ಗಾಳಿ, ಕಡಿತ ನಕ್ಷೆಯ ಮೇಲೆ ಹರಡುವುದು ನೋಡಬೇಕಾದರೆ ಲ್ಯಾಂಡಿಸ್-ಟು. ಕೊನೆಯದು ಉಚಿತ, ಪೆಟ್ಟುಗಳಿಗೆ ಬೇರೆ ಬೇರೆ ವಿಸ್ತರಣೆ (ಜೊತೆಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಜೋಡಿಸಬಹುದು. ನಾನು ಅದನ್ನೇ ಹಿಡಿದು ಹೇಳುತ್ತೇನೆ.

ಹೆಜ್ಜೆ 6: ಚೌಕದ ಅಳತೆ

ಲ್ಯಾಂಡಿಸ್ ಇಡೀ ನೆಲವನ್ನು ಚೌಕ ಚೌಕವಾಗಿ ನೋಡುತ್ತದೆ. ಕೊಡಗಿನ ವಿಸ್ತೀರ್ಣ ಸುಮಾರು 4102 ಚದರ ಕಿ.ಮೀ. ನೂರು ಮೀಟರ್ ಚೌಕ ಇಟ್ಟರೆ 4.1 ಲಕ್ಷ ಚೌಕ. ಮೂವತ್ತು ಮೀಟರ್ ಇಟ್ಟರೆ 45 ಲಕ್ಷ ದಾಟುತ್ತದೆ, ಮನೆಯ ಲ್ಯಾಪ್‌ಟಾಪ್ ಉಸ್ಸಪ್ಪ ಅನ್ನುತ್ತದೆ.

ಹಾಗಂತ ದೊಡ್ಡ ಚೌಕ ಇಟ್ಟುಬಿಟ್ಟರೆ ದೇವರಕಾಡು ಮಾಯ. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ, ಎಷ್ಟೋ ಕಡೆ ಅವು ಒಂದೆರಡು ಎಕರೆಯ ತುಣುಕು. ನೂರು ಮೀಟರ್ ಚೌಕ ಅಂದರೆ ಸುಮಾರು ಎರಡೂವರೆ ಎಕರೆ. ಸಣ್ಣ ಕಾಡು ಪಕ್ಕದ ಕಾಫಿ ತೋಟದ ಚೌಕದಲ್ಲಿ ಕರಗಿಹೋಗುತ್ತದೆ. ಪೆಟ್ಟು ಬಿದ್ದ ಜಾಗಕ್ಕೆ ಬೀಜ ಬರುವುದೇ ಇಂಥ ತುಣುಕುಗಳಿಂದ. ನನ್ನ ಸಲಹೆ: ಇಡೀ ಜಿಲ್ಲೆ ಬೇಡ. ಒಂದು ಹೊಳೆಯ ಜಲಾನಯನ ಪ್ರದೇಶವನ್ನಷ್ಟೇ ತೆಗೆದುಕೊಂಡು ಮೂವತ್ತು ಮೀಟರ್ ಚೌಕದಲ್ಲಿ ಮಾಡಿ.

ಹೆಜ್ಜೆ 7: ಮಳೆಯ ವಲಯ

ಮಳೆ, ಕಾಡು ಒಂದೇ ಥರ ಇರುವ ಚೌಕಗಳನ್ನು ಒಂದೊಂದು ವಲಯವಾಗಿ ಗುಂಪು ಮಾಡಿ ಮಾಡೆಲ್‌ಗೆ ಕೊಡಬೇಕು. ಭಾಗಮಂಡಲದ ಕಡೆ ವರ್ಷದ ಮಳೆ 5000 ಮಿ.ಮೀ. ದಾಟುವುದುಂಟು. ಕುಶಾಲನಗರದ ಕಡೆ ಸಾವಿರದ ಆಸುಪಾಸು. ನಡುವೆ ಎರಡು ಗಂಟೆಯ ಹಾದಿ. ಹವಾಮಾನ ಇಲಾಖೆಯ ಚೌಕವಾರು ಮಳೆ ದತ್ತಾಂಶದಲ್ಲಿ ಒಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಅಗಲ. ಅದನ್ನೇ ಹಾಗೆ ಹಾಕಿದರೆ ಜಿಲ್ಲೆಗೆಲ್ಲ ನಾಲ್ಕಾರು ಅಂಕಿ, ಘಟ್ಟದ ಅಂಚಿನ ಮಳೆ ಬಯಲಿಗೂ ಹಂಚಿಹೋಗುತ್ತದೆ.

ಇಲ್ಲಿ ನಮಗೊಂದು ಅನುಕೂಲ ಇದೆ. ತೋಟದ ಮನೆಗಳಲ್ಲಿ ಮಳೆ ಮಾಪಕ ಇರುತ್ತದೆ, ಹಳೇ ಡೈರಿಗಳಲ್ಲಿ ದಿನದ ಮಳೆ ಬರೆದಿರುತ್ತದೆ. ಕೇಳಿದರೆ ಕೊಡುತ್ತಾರೆ, ಜೊತೆಗೆ ಕಾಫಿಯೂ ಸಿಗುತ್ತದೆ. ಆದರೆ ಅದು ಇಂಚು, ಸೆಂಟಿನಲ್ಲಿ ಇರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಮೊದಲು ಇದನ್ನು ಬದಲಿಸಿಕೊಳ್ಳಿ.

ವಲಯಗಳು ನಾಲ್ಕೈದು ಸಾಕು: ಘಟ್ಟದ ನಿತ್ಯಹರಿದ್ವರ್ಣ, ಶೋಲಾ (ಎತ್ತರದ ಬೆಟ್ಟದ ಕಣಿವೆ ಕಾಡು) ಮತ್ತು ಹುಲ್ಲುಗಾವಲು, ನಡುವಿನ ಕಾಫಿ ಸೀಮೆ, ನಾಗರಹೊಳೆ ಕಡೆಯ ಎಲೆ ಉದುರುವ ಕಾಡು. ಹಳೇ ಕಾಡಿನ ವಿಂಗಡಣೆಗೆ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಮಾಡಿದ ದಕ್ಷಿಣ ಭಾರತದ ಅರಣ್ಯ ನಕ್ಷೆಗಳು ಚೆನ್ನಾಗಿವೆ.

ಹೆಜ್ಜೆ 8: ಮರಗಳ ಪಟ್ಟಿ

ಎಲ್ಲ ಜಾತಿ ಹಾಕಲು ಹೋಗಬೇಡಿ. ಗುಣಕ್ಕೊಂದು ಮರ ಆರಿಸಿ. ನೆರಳಲ್ಲಿ ನಿಧಾನ ಬೆಳೆಯುವುದಕ್ಕೆ ಸಾಲುಧೂಪ. ಜಾಗ ಬರಿದಾದ ಕೂಡಲೇ ಓಡಿಬರುವುದಕ್ಕೆ ಉಪ್ಪಳಿಗೆ. ಪೂರ್ವಕ್ಕೆ ಮತ್ತಿ, ನಂದಿ, ಬೀಟೆ, ತೇಗ. ತೋಟಕ್ಕೆ ಸಿಲ್ವರ್ ಓಕ್. ಪ್ರತಿಯೊಂದಕ್ಕೂ ಆಯಸ್ಸು, ಬೀಜ ಬಿಡುವ ವಯಸ್ಸು, ನೆರಳು ತಡೆಯುವ ಮಟ್ಟ, ಬೆಂಕಿ ತಡೆಯುವ ಮಟ್ಟ, ಬೀಜ ಹೋಗುವ ದೂರ, ಬುಡದಿಂದ ಚಿಗುರುವ ಸಾಧ್ಯತೆ ಕೊಡಬೇಕು. ಮಟ್ಟಗಳು 1ರಿಂದ 5. ಯಾವ ಅಂಕಿ ಎಲ್ಲಿಂದ ತಂದಿರಿ ಅಂತ ಪಕ್ಕದಲ್ಲೇ ಬರೆದಿಡಿ. ಊಹೆ ಆದರೆ "ಊಹೆ" ಅಂತಲೇ ಬರೆಯಿರಿ, ನಾಚಿಕೆ ಬೇಡ.

ಬಿದಿರನ್ನು ಮಾತ್ರ ಬೇರೆಯಾಗಿ ನೋಡಿ. ಅದು ಹೂ ಬಿಟ್ಟು ಒಟ್ಟಿಗೇ ಸಾಯುತ್ತದೆ, ಒಣಗಿದ ಮೆಳೆ ಬೆಂಕಿಗೆ ಸೌದೆ. ಸಾಯುವುದೇ ಒಂದು ಪೆಟ್ಟು, ಮುಂದಿನ ಪೆಟ್ಟಿಗೆ ತಯಾರಿಯೂ ಹೌದು.

ಹೆಜ್ಜೆ 9: ಪೆಟ್ಟುಗಳನ್ನು ನಕ್ಷೆಗೆ ಇಳಿಸುವುದು

ಬೆಂಕಿಗೆ ಎಷ್ಟು ದೊಡ್ಡದು, ಎಷ್ಟು ವರ್ಷಕ್ಕೊಮ್ಮೆ ಅಂತ ವಲಯವಾರು ಕೊಡಬೇಕು. ಉಪಗ್ರಹದ ಬೆಂಕಿ ಬಿಂದುಗಳು ಉಚಿತವಾಗಿ ಸಿಗುತ್ತವೆ, ನಾಸಾ ಉಪಗ್ರಹಗಳ ಮೇಲಿರುವ ಮೋಡಿಸ್ ಉಪಕರಣದ್ದು 2000ದಿಂದ ಇದೆ. ಬಿಂದು ಒಂದಕ್ಕೆ ಒಂದು ಕಿ.ಮೀ. ಅಗಲದ ಅನಿಶ್ಚಿತತೆ ಇರುತ್ತದೆ, ಹಾಗಾಗಿ ತೋಟದಲ್ಲಿ ತರಗು ಸುಟ್ಟದ್ದೂ ಕಾಡ್ಗಿಚ್ಚಾಗಿ ಕಾಣಬಹುದು. ಪೂರ್ವದ ದರವನ್ನು ಘಟ್ಟದ ಒದ್ದೆ ಕಾಡಿಗೆ ಹಾಕಲೇಬೇಡಿ.

ಉಪಗ್ರಹದ ಚಿತ್ರದಿಂದ ಪೆಟ್ಟು ಹುಡುಕುವಾಗ ಎರಡು ಕಡೆ ಎಡವುತ್ತೀರಿ. ಮಳೆಗಾಲದಲ್ಲಿ ಬರೀ ಮೋಡ. ಫೆಬ್ರವರಿ, ಮಾರ್ಚ್‌ನಲ್ಲಿ ಪೂರ್ವದ ಕಾಡು ಎಲೆ ಉದುರಿಸಿ ನಿಂತಿರುತ್ತದೆ, ಕಂಪ್ಯೂಟರ್ ಅದನ್ನೇ ಕಾಡು ನಾಶ ಅನ್ನುತ್ತದೆ. ಪ್ರತಿ ವರ್ಷ ಮಳೆ ಮುಗಿದ ಮೇಲಿನ ಒಂದೇ ತಿಂಗಳನ್ನು ಹೋಲಿಸಿ. ತೋಟದ ಮರಗಸಿಯೂ ಹೀಗೆಯೇ ಮೋಸ ಮಾಡುತ್ತದೆ: ನೆರಳಿನ ಮರದ ಕೊಂಬೆ ಸವರಿದರೆ ಹಸಿರು ಕಮ್ಮಿ ಆಗುತ್ತದೆ, ಮರ ಸತ್ತಿರುವುದಿಲ್ಲ.

ಭೂಕುಸಿತಕ್ಕೆ ಕಡಿತದ ವಿಸ್ತರಣೆಯನ್ನೇ ಬಳಸಿ ಆ ಚೌಕಗಳ ಮರ ತೆಗೆಯಬಹುದು. ಆದರೆ ನನ್ನ ಹಳೇ ತಪ್ಪು ಇಲ್ಲಿಯೇ ಕಾದಿರುತ್ತದೆ. ಜಾರಿದ ಚೌಕಗಳಿಗೆ ಬೇರೆಯೇ ಒಂದು ವಲಯ ಕೊಡಿ. ವರ್ಷವಾರು ಬದಲಾಗುವ ಅಂಕಿಗಳ ಫೈಲ್‌ನಲ್ಲಿ, ಕುಸಿದ ವರ್ಷದಿಂದ ಅಲ್ಲಿ ಸಸಿ ನಿಲ್ಲುವ ಸಾಧ್ಯತೆಯನ್ನೂ ಗರಿಷ್ಠ ಬೆಳವಣಿಗೆಯನ್ನೂ ಇಳಿಸಿ. ಮಣ್ಣು ಹೋದದ್ದು ಮಾಡೆಲ್‌ಗೆ ತಿಳಿಯುವುದು ಆವಾಗಲೇ.

ಹೆಜ್ಜೆ 10: ಓಡಿಸುವುದು, ನಂಬಬಹುದೇ ನೋಡುವುದು

ಬೆಂಕಿ ಎಲ್ಲಿ ಬೀಳುತ್ತದೆ ಎನ್ನುವುದು ಮಾಡೆಲ್ ಒಳಗೆ ದಾಳ ಉರುಳಿಸಿದ ಹಾಗೆ. ಒಂದೇ ಸಲ ಓಡಿಸಿ ನಕ್ಷೆ ತೋರಿಸಬೇಡಿ. ದಾಳದ ಬೀಜಸಂಖ್ಯೆ (ದಾಳ ಹೇಗೆ ಬೀಳಬೇಕು ಅಂತ ಶುರುವಿನಲ್ಲಿ ಕೊಡುವ ಅಂಕಿ, ರ್ಯಾಂಡಮ್ ಸೀಡ್) ಬದಲಿಸಿ ಕಡೇ ಪಕ್ಷ ಹತ್ತು ಸಲ ಓಡಿಸಿ, ಹೆಚ್ಚು-ಕಡಿಮೆಯ ಪಟ್ಟಿಯನ್ನೂ ತೋರಿಸಿ. ಪೆಟ್ಟುಗಳನ್ನು ಒಂದೊಂದಾಗಿ ಸೇರಿಸಿ. ಎಲ್ಲ ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

ತಾಳೆ ನೋಡಲು ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಜಾಗ ಇದೆ. ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ 1990ರ ಆಸುಪಾಸಿನಿಂದ ಮರಗಳಿಗೆ ಗುರುತು ಹಾಕಿ ಅಳೆಯುತ್ತಾ ಬಂದಿದ್ದಾರೆ. ಅಲ್ಲಿಂದ ಪ್ರಕಟವಾದ ಬೆಳವಣಿಗೆ ಮತ್ತು ಸಾವಿನ ದರಗಳನ್ನು ನಿಮ್ಮ 2.4 ಟನ್ ಮತ್ತು 1.5 ಪರ್ಸೆಂಟ್ ಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಬದಲಿಸಬೇಕಾದದ್ದು ನಿಮ್ಮ ಅಂಕಿ.

ಒಂದೊಂದು ಅಂಕಿಯನ್ನು 20 ಪರ್ಸೆಂಟ್ ಮೇಲೆ ಕೆಳಗೆ ಮಾಡಿಯೂ ಓಡಿಸಿ. ಸ್ಪ್ರೆಡ್‌ಶೀಟ್‌ನಲ್ಲಿ ಸತ್ತ ಮರ ಕೊಳೆಯುವ ದರ ಬದಲಿಸಿದರೆ ಆ ಹದಿನಾಲ್ಕು ವರ್ಷ ಎಷ್ಟು ಕದಲುತ್ತದೆ ನೋಡಿ. ಜಾಸ್ತಿ ಕದಲಿಸುವ ಅಂಕಿ ಯಾವುದೋ, ಕಾಡಿಗೆ ಹೋಗಿ ಅಳೆಯಬೇಕಾದದ್ದು ಅದನ್ನು.

ಕೊನೆಗೊಂದು ಮನೆ ಮಾತು. ದೊಡ್ಡ ಓಟಗಳನ್ನು ಜೂನ್‌ಗೆ ಮೊದಲೇ ಮುಗಿಸಿಕೊಳ್ಳಿ. ಮಳೆ ಹಿಡಿದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ನೂರೆಂಬತ್ತನೇ ವರ್ಷದಲ್ಲಿ ನಿಂತ ಓಟವನ್ನು ನಾನು ಎರಡು ಸಲ ಮೊದಲಿನಿಂದ ಶುರು ಮಾಡಿದ್ದೇನೆ.